ಮುಟ್ಟದ ಬೊಂಬೆ, ಹೊಲಿದ ಕೈ

ಬೊಂಬೆಯ ಮೇಲೆ ಒಂದು ಲೇಖನ ಬರೆಯುತ್ತೇವೆ ಎಂದಾಗ ಗೆಳೆಯರೊಬ್ಬರು ನಕ್ಕರು. "ಬರೆಯೋಕೆ ಬೇರೇನೂ ಸಿಗಲಿಲ್ಲವೇನ್ರಪ್ಪಾ? ಅದು ಅಮೆರಿಕದ ಉಳ್ಳವರ ಮನೆಯ ಆಟಿಕೆ. ನಮ್ಮ ಹಟ್ಟಿಗೂ ಅದಕ್ಕೂ ಏನು ಸಂಬಂಧ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಉಳ್ಳವರು ಯಾವುದನ್ನು ಜೋಪಾನ ಮಾಡುತ್ತಾರೆ, ಯಾವುದಕ್ಕೆ ಬೆಲೆ ಕಟ್ಟುತ್ತಾರೆ, ಬೆಲೆ ಕಟ್ಟುವಾಗ ಯಾರನ್ನು ಮರೆಯುತ್ತಾರೆ ಎಂಬುದನ್ನು ಓದಲು ಕಲಿಯದೆ ಹೋದರೆ ನಮ್ಮ ವಿಮರ್ಶೆ ಕತೆ, ಕವನಗಳ ಅಂಗಳದಲ್ಲೇ ಗಾಣದೆತ್ತಿನ ಹಾಗೆ ಸುತ್ತುತ್ತದೆ. ಬೆಲೆಪಟ್ಟಿಯೂ ಒಂದು ಬರಹವೇ. ಅದಕ್ಕೂ ಒಬ್ಬ ಕರ್ತೃ ಇದ್ದಾನೆ, ಅದಕ್ಕೂ ಒಂದು ಮೌಲ್ಯವ್ಯವಸ್ಥೆ ಇದೆ. ಅದನ್ನೂ ವಿಮರ್ಶೆಗೆ ಒಡ್ಡಬೇಕು.

ನಾವು ಎತ್ತಿಕೊಂಡಿರುವುದು ಹಳೆಯ ಬಾರ್ಬಿ ಬೊಂಬೆಗಳನ್ನೂ ಅವುಗಳ ಉಡುಪುಗಳನ್ನೂ ಕೂಡಿಡುವವರು ಬರೆದುಕೊಂಡಿರುವ ಕೈಪಿಡಿಗಳ ಲೋಕವನ್ನು. ಅಮೆರಿಕದ ಮ್ಯಾಟೆಲ್ ಕಂಪನಿಯ ರೂತ್ ಹ್ಯಾಂಡ್ಲರ್ ಈ ಬೊಂಬೆಯನ್ನು 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಮುಂದಿಟ್ಟರು. 11.5 ಇಂಚು ಎತ್ತರ, ಕಪ್ಪು ಬಿಳಿ ಪಟ್ಟೆಯ ಈಜುಡುಗೆ, ಬೆಲೆ 3 ಡಾಲರ್. ಅಲ್ಲಿಯವರೆಗೆ ಹುಡುಗಿಯರ ಕೈಗೆ ಕೊಡುತ್ತಿದ್ದದ್ದು ಹೆಚ್ಚಾಗಿ ಕೂಸಿನ ಬೊಂಬೆ. ಎತ್ತಿಕೋ, ತೂಗು, ತಾಯಿಯಾಗು ಎಂಬ ಪಾಠ ಅದು. ಇದು ಹರೆಯದ ಹೆಣ್ಣಿನ ಬೊಂಬೆ. ಇದಕ್ಕೆ ಉಡಿಸಬೇಕು, ಬಿಚ್ಚಬೇಕು, ಇನ್ನೊಂದು ಉಡಿಸಬೇಕು. ವ್ಯಾಪಾರದ ಗುಟ್ಟೂ ಇಲ್ಲೇ ಇದೆ. ಬೊಂಬೆ ಕೊಳ್ಳುವುದು ಒಂದು ಸಲ, ಬಟ್ಟೆ ಕೊಳ್ಳುವುದು ಮತ್ತೆ ಮತ್ತೆ. ಪ್ರತಿ ಉಡುಪಿಗೂ ಒಂದು ಹೆಸರು, ಒಂದು ಸಂಖ್ಯೆ. 964 ಅಂದರೆ ‘ಗೇ ಪ್ಯಾರಿಸಿಯೆನ್’, 968 ಅಂದರೆ ‘ರೋಮನ್ ಹಾಲಿಡೇ’, 971 ಅಂದರೆ ‘ಈಸ್ಟರ್ ಪರೇಡ್’. 1959ರ ಈ ಮೂರು ಇವತ್ತು ಸಂಗ್ರಾಹಕರ ಕಣ್ಣಿಗೆ ಅತಿ ಅಪರೂಪದ ಉಡುಪುಗಳು.

ಈ ಕೈಪಿಡಿಗಳ ಶ್ರದ್ಧೆಯನ್ನು ಮೊದಲು ಒಪ್ಪಿಕೊಳ್ಳಬೇಕು. ಹುಬ್ಬಿನ ಬಾಗು, ಕಣ್ಣಿನ ಬಣ್ಣ, ಜಿಪ್ಪಿನ ಹಲ್ಲು, ಗುಂಡಿಯ ಗಾತ್ರ ಎಲ್ಲಕ್ಕೂ ಲೆಕ್ಕ ಇದೆ. ಮೊಟ್ಟಮೊದಲ ತಂಡದ ಬೊಂಬೆಗಳ ಅಂಗಾಲಿನಲ್ಲಿ ತೂತು ಇರುತ್ತದೆ, ನಿಲ್ಲಿಸುವ ಕಡ್ಡಿ ಸಿಕ್ಕಿಸಲು ತೂತಿನೊಳಗೆ ತಾಮ್ರದ ಕೊಳವೆ ಇರುತ್ತದೆ. ಅದು ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ಲೋಹದ ಓಲೆ ಕಿಲುಬು ಹಿಡಿದು ಬೊಂಬೆಯ ಕಿವಿ ಹಸಿರಾಗುತ್ತದೆ. ಅದಕ್ಕೆ ‘ಹಸಿರು ಕಿವಿ’ ಎಂದೇ ಹೆಸರು, ಆಗ ಬೆಲೆ ಇಳಿಯುತ್ತದೆ. ‘ರೋಮನ್ ಹಾಲಿಡೇ’ ಜೊತೆಗೆ ಬರುತ್ತಿದ್ದ, ‘ಬಿ’ ಅಕ್ಷರವಿರುವ ಚೂರೇ ಚೂರು ಹಿತ್ತಾಳೆಯ ಪೌಡರ್ ಡಬ್ಬಿ ಕಳೆದುಹೋಗಿದ್ದರೆ ಇಡೀ ಉಡುಪೇ ಅಪೂರ್ಣ. 2006ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ, 1965ರ ‘ಮಿಡ್‌ನೈಟ್ ರೆಡ್’ ಎಂಬ ಉಡುಪಿನ ಒಂದು ಬಾರ್ಬಿ 9,000 ಪೌಂಡಿಗೆ ಹೋಯಿತು. ಸಣ್ಣ ಹುಡುಗಿಯೊಬ್ಬಳ ಕೈಗೆಂದು ಮಾಡಿದ ವಸ್ತು ಅದು.

ಬೆಲೆಯ ಏಣಿಯ ತುತ್ತತುದಿಯಲ್ಲಿ ಏನಿದೆ ನೋಡಿ. ಪೆಟ್ಟಿಗೆಯಿಂದ ಒಮ್ಮೆಯೂ ಹೊರಗೆ ತೆಗೆಯದ ಬೊಂಬೆ ಇದೆ. ಯಾವ ಮಗುವೂ ಕೂದಲು ಬಾಚದ, ಯಾವ ಮಗುವೂ ಬಟ್ಟೆ ಬಿಚ್ಚದ, ಯಾರ ಬೆವರೂ ತಾಕದ ಬೊಂಬೆ. ಅದರ ಕೆಳಗಿನ ಮೆಟ್ಟಿಲು ತೆಗೆದರೂ ಆಡದ್ದು. ಅದರ ಕೆಳಗೆ ಆಡಿದರೂ ಗುರುತು ಉಳಿಯದ್ದು. ಕಟ್ಟಕಡೆಗೆ, ಮಗುವೊಂದು ಮನಸಾರೆ ಆಡಿ ಕೂದಲು ಕತ್ತರಿಸಿ, ತುಟಿಗೆ ಪೆನ್ನಿನ ಬಣ್ಣ ಬಳಿದು, ಪಕ್ಕದಲ್ಲಿಟ್ಟುಕೊಂಡು ಮಲಗಿದ್ದು. ಅಂದರೆ ಬೊಂಬೆ ತಾನು ಹುಟ್ಟಿದ ಕೆಲಸವನ್ನು ಎಷ್ಟು ಮಾಡಿದೆಯೋ ಅಷ್ಟು ಅದರ ಬೆಲೆ ಕಡಿಮೆ!

ಮುಟ್ಟು ಎಂಬ ಮಾತಿನ ಭಾರ ನಮಗೆ ಗೊತ್ತು. ನಮ್ಮನ್ನು ಮುಟ್ಟದೆ ಕೆಳಗಿಟ್ಟರು, ಬೊಂಬೆಯನ್ನು ಮುಟ್ಟದೆ ಮೇಲಿಟ್ಟರು. ಎರಡೂ ಒಂದೇ ಎಂದು ಹೇಳುವಷ್ಟು ದಡ್ಡರು ನಾವಲ್ಲ. ಬೊಂಬೆಗೆ ನೋವಾಗುವುದಿಲ್ಲ, ಹಸಿವಾಗುವುದಿಲ್ಲ. ಆದರೆ ಮಡಿಯ ಲೆಕ್ಕಾಚಾರ ಎರಡು ಕಡೆಯೂ ಕಾಣುತ್ತದೆ. ಬಳಸಿದ ಕೈಯ ಗುರುತು ಇರಬಾರದು, ಮಾಡಿದ ಕೈಯ ಗುರುತೂ ಇರಬಾರದು. ವಸ್ತು ತಾನಾಗಿ ಆಕಾಶದಿಂದ ಇಳಿದು ಬಂದಂತಿರಬೇಕು. ಮಡಿ ಅನ್ನುವುದು ಯಾವಾಗಲೂ ಶ್ರಮವನ್ನು ಮುಚ್ಚಿಡುವ ಬಟ್ಟೆ.

ಹಾಗಾದರೆ ಆ ‘ಮುಟ್ಟದ’ ಬೊಂಬೆಯನ್ನು ಯಾರೂ ಮುಟ್ಟಿಯೇ ಇಲ್ಲವೇ? ಮುಟ್ಟಿದ್ದಾರೆ. ಮೊದಲ ಬಾರ್ಬಿಗಳು ತಯಾರಾದದ್ದು ಅಮೆರಿಕದಲ್ಲಲ್ಲ, ಜಪಾನಿನಲ್ಲಿ. ಯುದ್ಧದಲ್ಲಿ ಸೋತು ಸುಟ್ಟುಹೋಗಿ ಮತ್ತೆ ಎದ್ದು ನಿಲ್ಲುತ್ತಿದ್ದ ದೇಶ ಅದು, ಕೂಲಿ ಅಗ್ಗವಿತ್ತು. ಉಡುಪುಗಳ ವಿನ್ಯಾಸ ಮಾಡಿದ ಷಾರ್ಲಟ್ ಜಾನ್ಸನ್ ಜಪಾನಿಗೇ ಹೋಗಿ ಅಲ್ಲಿನ ಹೊಲಿಗೆಯವರ ಜೊತೆ ಕೂತು ಕೆಲಸ ಮಾಡಿದರು. ಆಮೇಲೆ ಆ ಉಡುಪುಗಳನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಲಿದವರಲ್ಲಿ ತಮ್ಮ ತಮ್ಮ ಮನೆಗಳಲ್ಲೇ ಕೂತು ದುಡಿದ ಹೆಣ್ಣುಮಕ್ಕಳು ಬಹಳ. 11.5 ಇಂಚಿನ ಮೈಗೆ ಅಸ್ತರಿ ಕೊಟ್ಟು, ಜಿಪ್ ಕೂರಿಸಿ, ಮಣಿಯಷ್ಟು ಗುಂಡಿ ಹಾಕಿ ಹೊಲಿಯುವುದೆಂದರೆ ಏನೆಂದು ಸೂಜಿ ಹಿಡಿದವರನ್ನು ಕೇಳಬೇಕು. ದೊಡ್ಡವರ ರವಿಕೆಯಲ್ಲಿ ಒಂದು ನೂಲು ಆಚೀಚೆ ಆದರೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಇವತ್ತು ಸಂಗ್ರಾಹಕರು ಭೂತಗನ್ನಡಿ ಹಿಡಿದು ಮೆಚ್ಚುವ ನಯ ಆ ಹೆಣ್ಣುಮಕ್ಕಳ ಕಣ್ಣಿನ ಬೆಳಕು.

ಉಡುಪಿನ ಒಳಗಿನ ಪಟ್ಟಿಯಲ್ಲಿ ಬೊಂಬೆಯ ಹೆಸರಿದೆ, ಕಂಪನಿಯ ಹೆಸರಿದೆ. ಹೊಲಿದವಳ ಹೆಸರಿಲ್ಲ. ಹಳೆಯ ಅನೇಕ ಬೊಂಬೆಗಳ ಅಂಗಾಲನ್ನು ತಿರುಗಿಸಿ ನೋಡಿದರೆ ‘ಜಪಾನ್’ ಎಂಬ ಒಂದು ಪದ ಕಾಣುತ್ತದೆ. ದುಡಿದ ನಾಡಿಗೆ ಆ ಮೈಯಲ್ಲಿ ಸಿಕ್ಕ ಜಾಗ ಪಾದ. ಪಾದದಿಂದ ಹುಟ್ಟಿದವರು ಎಂಬ ಕತೆಯನ್ನು ಶತಮಾನಗಳಿಂದ ಕೇಳಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಹೆಸರು ಮಾತ್ರ ಉಳಿದಿದೆ. ಜಾನ್ಸನ್ ಜೊತೆ ಕೂತು ಉಡುಪುಗಳ ಮಾದರಿ ಹೊಲಿದ ಫುಮಿಕೊ ಮಿಯಾತ್ಸುಕ ತಮ್ಮ ಆ ದಿನಗಳ ಅನುಭವವನ್ನು ತಾವೇ ಜಪಾನಿ ಭಾಷೆಯಲ್ಲಿ ಪುಸ್ತಕ ಮಾಡಿದರು. ಹೆಸರು ಉಳಿದದ್ದು ಬೆಲೆಪಟ್ಟಿಯ ದಯೆಯಿಂದಲ್ಲ, ಸ್ವತಃ ಬರೆದದ್ದರಿಂದ. ನಮ್ಮ ಕತೆಯನ್ನು ನಾವೇ ಬರೆಯಬೇಕು ಎಂದು ಈ ಪುಟಗಳಲ್ಲಿ ಹೇಳುತ್ತಾ ಬಂದಿದ್ದೇವಲ್ಲ, ಅದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಜಪಾನಿನಲ್ಲಿ ಕೂಲಿ ಏರಿತು. 1970ರ ದಶಕ ಬಂದಾಗ ಕೆಲಸ ತೈವಾನ್, ಹಾಂಗ್‌ಕಾಂಗ್, ಕೊರಿಯಾಗಳ ಕಡೆ ಹೊರಟಿತು. ಕೂಲಿ ಎಲ್ಲಿ ಕಡಿಮೆಯೋ ಅಲ್ಲಿಗೆ ಆಟಿಕೆಯ ಉದ್ಯಮ ಗಂಟುಮೂಟೆ ಕಟ್ಟಿತು. ಅದರ ಕೊನೆ ಎಲ್ಲಿಗೆ ಮುಟ್ಟೀತು ಎನ್ನುವುದಕ್ಕೆ 1993ರ ಮೇ 10 ಇದೆ. ಅಂದು ಥಾಯ್ಲೆಂಡಿನ ಕಾದರ್ ಆಟಿಕೆ ಕಾರ್ಖಾನೆಗೆ ಬೆಂಕಿ ಬಿದ್ದು 188 ಜನ ಸತ್ತರು. ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಹೊರಹೋಗುವ ಬಾಗಿಲುಗಳಿಗೆ ಬೀಗ ಹಾಕಿತ್ತು. ಪೆಟ್ಟಿಗೆಯಿಂದ ಹೊರತೆಗೆಯದ ಬೊಂಬೆಗೆ ಬೆಲೆ ಇದೆ. ಹೊರಬರಲಾಗದ ಮನುಷ್ಯರ ಬೆಲೆ ಯಾವ ಪಟ್ಟಿಯಲ್ಲಿದೆ?

ಇನ್ನು ಬಣ್ಣದ ಮಾತು. ಮೊದಮೊದಲ ಬಾರ್ಬಿಗಳ ಪ್ಲಾಸ್ಟಿಕ್ ಕಾಲ ಕಳೆದಂತೆ ತನ್ನ ಮೈಬಣ್ಣ ಕಳೆದುಕೊಂಡು ದಂತದಂತೆ ಬಿಳುಚಿಕೊಂಡಿತು. ಇದು ರಸಾಯನದ ಆಕಸ್ಮಿಕ. ಆದರೆ ಬೊಂಬೆ ಬಿಳಿಯಾಗಿಯೇ ಇರಬೇಕು ಎಂಬುದು ಆಕಸ್ಮಿಕವಾಗಿರಲಿಲ್ಲ. 1940ರ ದಶಕದಲ್ಲಿ ಮೇಮಿ ಕ್ಲಾರ್ಕ್ ಮತ್ತು ಕೆನೆತ್ ಕ್ಲಾರ್ಕ್ ಎಂಬ ಕರಿಯ ಮನಶ್ಶಾಸ್ತ್ರಜ್ಞ ದಂಪತಿಗಳು ಕರಿಯ ಮಕ್ಕಳ ಮುಂದೆ ಬಿಳಿ ಬೊಂಬೆಯನ್ನೂ ಕಂದು ಬೊಂಬೆಯನ್ನೂ ಇಟ್ಟು, ಯಾವುದು ಒಳ್ಳೆಯದು, ಯಾವುದು ಕೆಟ್ಟದು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯದೇ ಒಳ್ಳೆಯದು ಎಂದರು. ಆಮೇಲೆ, ಇದರಲ್ಲಿ ನಿನ್ನ ಹಾಗಿರುವುದು ಯಾವುದು ಎಂಬ ಪ್ರಶ್ನೆ ಬಂದಾಗ ಕೆಲವು ಮಕ್ಕಳು ಅತ್ತುಬಿಟ್ಟರು. ಶಾಲೆಗಳಲ್ಲಿ ಬಣ್ಣಭೇದ ಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ಕೊಟ್ಟ ತೀರ್ಪಿನಲ್ಲಿ ಕ್ಲಾರ್ಕ್ ಅವರ ಬರಹದ ಉಲ್ಲೇಖವಿದೆ. ಬೊಂಬೆ ಬರೀ ಆಟಿಕೆ ಎನ್ನುವ ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಹೇಳಬೇಕು.

1967ರಲ್ಲಿ ಕಂಪನಿ ‘ಕಲರ್ಡ್ ಫ್ರಾನ್ಸಿ’ ಎಂಬ ಬೊಂಬೆ ತಂದಿತು. ಬಿಳಿಯ ಫ್ರಾನ್ಸಿಯ ಅದೇ ಅಚ್ಚು, ಅದೇ ಮೂಗು, ಅದೇ ತುಟಿ. ಪ್ಲಾಸ್ಟಿಕ್ಕಿನ ಬಣ್ಣ ಮಾತ್ರ ಬೇರೆ. ಅದು ಹೆಚ್ಚು ಮಾರಾಟವಾಗಲಿಲ್ಲ. ಮಾರಾಟವಾಗದ್ದರಿಂದ ಅಪರೂಪವಾಯಿತು, ಅಪರೂಪವಾದ್ದರಿಂದ ಸಂಗ್ರಾಹಕರಲ್ಲಿ ದುಬಾರಿಯಾಯಿತು. ಅಂದು ಕೇಳುವವರಿಲ್ಲದೆ ಉಳಿದದ್ದೇ ಇಂದು ಅದರ ಬೆಲೆಯಾಗಿದೆ. ಮಾರುಕಟ್ಟೆಗೆ ಅವಮಾನವನ್ನೂ ಸರಕು ಮಾಡಿಕೊಳ್ಳುವ ವಿದ್ಯೆ ಗೊತ್ತು.

ಬೇಕು ಎಂದು ಬಾಯಿಬಿಟ್ಟು ಕೇಳಿದವರು ಕಾರ್ಖಾನೆಯ ಒಳಗೇ ಇದ್ದರು. ಬ್ಯೂಲಾ ಮೇ ಮಿಚೆಲ್ ಎಂಬ ಕರಿಯ ಮಹಿಳೆ 1955ರಲ್ಲೇ ಮ್ಯಾಟೆಲ್ ಸೇರಿದವರು. ಅವರೂ ಜೊತೆಯವರೂ ನಮ್ಮ ಹಾಗೆ ಕಾಣುವ ಬೊಂಬೆ ಯಾಕೆ ಮಾಡಬಾರದು ಎಂದು ರೂತ್ ಹ್ಯಾಂಡ್ಲರ್ ಅವರನ್ನೇ ಕೇಳಿದರು. ‘ಬಾರ್ಬಿ’ ಎಂಬ ಹೆಸರನ್ನೇ ಹೊತ್ತ ಕರಿಯ ಬೊಂಬೆ ಬಂದದ್ದು 1980ರಲ್ಲಿ. ಅದನ್ನು ರೂಪಿಸಿದವರು ಕಿಟ್ಟಿ ಬ್ಲ್ಯಾಕ್ ಪರ್ಕಿನ್ಸ್ ಎಂಬ ಕರಿಯ ವಿನ್ಯಾಸಕಿ. ಮಿಚೆಲ್ ಅವರ ಸೋದರ ಸಂಬಂಧದ ಹುಡುಗಿ ಲಗೇರಿಯಾ ಡೇವಿಸ್ 2023ರಲ್ಲಿ ‘ಬ್ಲ್ಯಾಕ್ ಬಾರ್ಬಿ’ ಎಂಬ ಸಾಕ್ಷ್ಯಚಿತ್ರ ಮಾಡಿ ಈ ಕತೆಯನ್ನು ಹೊರಗೆ ತಂದರು. ಸಾಲಿನಲ್ಲಿ ನಿಂತು ದುಡಿದ ಹೆಂಗಸನ್ನು ಚರಿತ್ರೆಯ ನಡುವೆ ಕೂರಿಸಿದ್ದು ಆ ಚಿತ್ರದ ಸಾಧನೆ. ಆದರೆ ನಮಗೊಂದು ತಕರಾರೂ ಇದೆ. ನಮ್ಮ ಮುಖ ಬೊಂಬೆಗೆ ಬಂದರೆ ಸಾಕೇ? ಮುಖ ಯಾರದು ಎಂದು ಕೇಳಿದಷ್ಟೇ ಗಟ್ಟಿಯಾಗಿ, ಹೊಲಿದ ಕೈಗೆ ಸಿಕ್ಕಿದ್ದೆಷ್ಟು ಎಂದೂ ಕೇಳಬೇಡವೇ?

ಇದೇ ಅಮೆರಿಕದಲ್ಲಿ ಇನ್ನೊಂದು ಬಗೆಯ ಬೊಂಬೆಯೂ ಇದೆ. 2022ರಲ್ಲಿ ನ್ಯೂಯಾರ್ಕಿನ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಕರಿಯ ಬೊಂಬೆಗಳ ಪ್ರದರ್ಶನ ನಡೆಯಿತು. ಅದರಲ್ಲಿ ನೂರಕ್ಕೂ ಹೆಚ್ಚು ಬಟ್ಟೆಯ ಬೊಂಬೆಗಳು ಒಬ್ಬರೇ ಸಂಗ್ರಾಹಕಿ ಕೂಡಿಟ್ಟವು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, 1861ರಲ್ಲಿ ಆತ್ಮಕತೆ ಪ್ರಕಟಿಸಿದ ಹ್ಯಾರಿಯೆಟ್ ಜೇಕಬ್ಸ್ ಕೈಯಾರೆ ಹೊಲಿದ ಬೊಂಬೆಗಳೂ ಅಲ್ಲಿದ್ದವು. ಒಡೆಯನ ಕಣ್ಣಿಗೆ ಬೀಳದಿರಲು ಆಕೆ ನೆಟ್ಟಗೆ ನಿಲ್ಲಲೂ ಆಗದ ಅಟ್ಟದಲ್ಲಿ ಸುಮಾರು 7 ವರ್ಷ ಅಡಗಿದ್ದವರು. ಆ ಕತ್ತಲಲ್ಲೂ ಕ್ರಿಸ್‌ಮಸ್ಸಿಗೆ ಮಕ್ಕಳಿಗೆಂದು ಬಟ್ಟೆ, ಆಟಿಕೆ ಹೊಲಿದರು. ಪ್ರದರ್ಶನದಲ್ಲಿದ್ದ ಬೊಂಬೆಗಳನ್ನಾದರೋ, ಆಮೇಲೆ ದಾದಿಯಾಗಿ ದುಡಿದ ಬಿಳಿಯರ ಮನೆಯ ಮಕ್ಕಳಿಗೆ ಹೊಲಿದದ್ದು. ಇಲ್ಲಿ ಮಾಡಿದವಳ ಹೆಸರಿದೆ. ಮಕ್ಕಳು ಎತ್ತಿ ಆಡಿಸಿದ್ದು ಆ ಬೊಂಬೆಯ ಬೆಲೆಯನ್ನು ಇಳಿಸಿಲ್ಲ.

ಆದ್ದರಿಂದ ಕೂಡಿಡುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ಯಾರೋ ಕೂಡಿಟ್ಟಿದ್ದರಿಂದಲೇ ಜೇಕಬ್ಸ್ ಬೊಂಬೆ ನಮಗೆ ಕಂಡಿತು. ಸಂಗ್ರಾಹಕರೆಲ್ಲ ಹಣವಂತರೂ ಅಲ್ಲ. ಚಿಕ್ಕಂದಿನಲ್ಲಿ ಅಂಗಡಿಯ ಗಾಜಿಗೆ ಮೂಗು ಒತ್ತಿ ನೋಡಿ ಮನೆಗೆ ಹೋದ ಹುಡುಗಿಯರು ದೊಡ್ಡವರಾಗಿ ಕೊಂಡದ್ದೂ ಇದ್ದೀತು. ಆ ಆಸೆಯನ್ನು ಗೇಲಿ ಮಾಡುವ ಹಕ್ಕು ನಮಗಿಲ್ಲ. ನಮ್ಮ ವಿಮರ್ಶೆ ಇಷ್ಟೇ: ಜಿಪ್ಪಿನ ಹಲ್ಲು ಎಣಿಸಬಲ್ಲ ಕಣ್ಣು ಅದನ್ನು ಕೂರಿಸಿದ ಬೆರಳನ್ನೂ ಕಾಣಬೇಕು. ಕೈಪಿಡಿಯ ಪ್ರತಿ ಉಡುಪಿನ ಕೆಳಗೆ ಬೆಲೆಯ ಜೊತೆ ಇನ್ನೊಂದು ಸಾಲು ಸೇರಲಿ. ಯಾರು ಹೊಲಿದರು, ಎಲ್ಲಿ ಹೊಲಿದರು, ಕೂಲಿ ಎಷ್ಟು. ಉತ್ತರ ಸಿಗದಿದ್ದರೆ ಆ ಸಾಲನ್ನು ಖಾಲಿ ಬಿಡಲಿ. ಆ ಖಾಲಿ ಜಾಗವೂ ಮಾತಾಡುತ್ತದೆ.

ಇದು ದೂರದ ಮಾತಲ್ಲ. ನಮ್ಮ ಊರುಗಳ ಎಷ್ಟೋ ಅಕ್ಕತಂಗಿಯರು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಪರದೇಶದ ಕಂಪನಿಗಳಿಗೆ ಬಟ್ಟೆ ಹೊಲಿಯುತ್ತಿದ್ದಾರೆ. ಆ ಬಟ್ಟೆಯ ಕಾಲರಿನ ಪಟ್ಟಿಯಲ್ಲೂ ಕಂಪನಿಯ ಹೆಸರಿದೆ, ದೇಶದ ಹೆಸರಿದೆ, ಅವರ ಹೆಸರಿಲ್ಲ. 2016ರ ಏಪ್ರಿಲ್‌ನಲ್ಲಿ ತಮ್ಮ ಭವಿಷ್ಯನಿಧಿಯ ದುಡ್ಡಿಗೆ ಸರ್ಕಾರ ತಡೆ ಹಾಕಿದಾಗ ಅವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ತನ್ನ ನಿಯಮ ವಾಪಸು ಪಡೆಯಿತು. ಪಟ್ಟಿಯಲ್ಲಿ ಹೆಸರಿಲ್ಲದವರು ಅಂದು ರಸ್ತೆಯಲ್ಲಿ ತಮ್ಮ ಹೆಸರು ಬರೆದರು.

ಕೊನೆಗೆ ನಮ್ಮ ಬಗ್ಗೆಯೂ ಒಂದು ಮಾತು. ಚಳವಳಿಯ ಹಳೆಯ ಸಣ್ಣ ಪತ್ರಿಕೆಗಳನ್ನೂ ಈಗ ಹುಡುಕಿ ಕೂಡಿಡುವವರಿದ್ದಾರೆ. ಒಳ್ಳೆಯದೇ. ಈ ಸಂಚಿಕೆ ಮುಂದೆಂದೋ ಅಂಥವರ ಕೈಗೆ ಸಿಕ್ಕರೆ, ಮಡಿಕೆ ಬೀಳದೆ, ಮೂಲೆ ಮುದುಡದೆ ಸಿಗದಿರಲಿ. ಹಾಸ್ಟೆಲಿನಲ್ಲಿ ಹತ್ತು ಕೈ ತಿರುಗಿ, ಚಹಾದ ಕಲೆ ಬಿದ್ದು, ಯಾರೋ ಒಪ್ಪದೆ ಅಂಚಿನಲ್ಲಿ ಗೀಚಿ ಜಗಳ ಆಡಿದ ಪ್ರತಿಯೇ ಸಿಗಲಿ.