ಮಸೂರದ ದೋಷವೂ ಚಿತ್ರದ ಗುಣವೂ

ಕನ್ನಡದಲ್ಲಿ ದೊರೆತಿರುವ ಮೊದಲ ಲಕ್ಷಣಗ್ರಂಥವಾದ 'ಕವಿರಾಜಮಾರ್ಗ'ದ ಪ್ರಥಮ ಪರಿಚ್ಛೇದಕ್ಕೆ 'ದೋಷಾದೋಷಾನುವರ್ಣನ ನಿರ್ಣಯ'ವೆಂದು ಹೆಸರು. ದೋಷವನ್ನು ಅರಿಯದೆ ಗುಣದ ಮಾತಿಗೆ ತೊಡಗಬಾರದೆಂಬ ವಿವೇಕ ಈ ಕ್ರಮದಲ್ಲಿಯೇ ಅಡಗಿದೆ. ಆನಂದವರ್ಧನನಾದರೋ ಕೆಲವು ದೋಷಗಳು ಅನಿತ್ಯವೆಂದನು: ಶೃಂಗಾರದಲ್ಲಿ ಕಿವಿಗೆ ಕಟುವಾಗುವ ಶಬ್ದವು ರೌದ್ರದಲ್ಲಿ ದೋಷವೆನಿಸದು. ಇಂದಿನ ಛಾಯಾಗ್ರಾಹಕರು ಫಿಲ್ಮಿಗೂ ಹಳೆಯ ಮಸೂರಗಳಿಗೂ ಮರಳಿ ಒಲಿಯುತ್ತಿರುವುದನ್ನು ತೂಗಿ ನೋಡಲು ಈ ತಕ್ಕಡಿಯೇ ಸಾಕು.

1840ರಲ್ಲಿ ಪೆಟ್ಸ್‌ವಾಲ್ ರೂಪಿಸಿದ ಭಾವಚಿತ್ರ ಮಸೂರದಲ್ಲಿ ನಡುವಣ ಮುಖ ಸ್ಫುಟ. ಅಂಚು ಮಸುಕು, ಹಿನ್ನೆಲೆ ಸುಳಿಯಂತೆ ತಿರುಗುತ್ತದೆ. ಫಿಲ್ಮಿನಲ್ಲಿ ಬೆಳ್ಳಿಯ ಕಣಗಳು ಕ್ರಮವಿಲ್ಲದೆ ಚೆದುರಿರುವುದರಿಂದ ಒಂದು ಚೌಕಟ್ಟಿನ ಕಣವಿನ್ಯಾಸ ಇನ್ನೊಂದರಲ್ಲಿ ಮರಳಿ ಬಾರದು. ಇವು ಸಾಧನದ ಸ್ವಭಾವಗಳು, ತಮ್ಮಷ್ಟಕ್ಕೆ ಕಲೆಯಲ್ಲ.

ಅವು ಕಲೆಯಾಗುವ ಬಗೆಯನ್ನು, ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ವಿ. ಕೆ. ಮೂರ್ತಿಯವರಲ್ಲಿ (1923–2014) ಕಾಣಬಹುದು. ಅವರ ಛಾಯಾಗ್ರಹಣದ 'ಕಾಗಜ್ ಕೇ ಫೂಲ್' (1959) ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಆರಂಭಕಾಲದ ಸಿನೆಮಾಸ್ಕೋಪ್ ಮಸೂರಕ್ಕೆ ತೀರ ಹತ್ತಿರದ ಮುಖವನ್ನು ಅಗಲಿಸಿ ತೋರುವ ದೋಷವಿತ್ತು. ದೂರ ಸರಿದರೆ ಚೌಕಟ್ಟು ಇಬ್ಬರಿಂದ ತುಂಬದಷ್ಟು ವಿಶಾಲ. ಆದರೆ ಬರಿದಾದ ಸ್ಟುಡಿಯೋದಲ್ಲಿ ನಾಯಕನೂ ನಾಯಕಿಯೂ ದೂರ ದೂರ ನಿಂತಾಗ, ತುಂಬದೆ ಉಳಿದ ಆ ಅಗಲವೇ ಅವರ ಅಗಲಿಕೆಯಾಯಿತು. ಕನ್ನಡಿಗಳಿಂದ ಒಳತಂದ ಬಿಸಿಲಕೋಲು ಕಣ್ಣಿಗೆ ಕಂಡುದು ಗಾಳಿಯಲ್ಲಿ ತೇಲುವ ಕಣಗಳಿಂದ. ನಿರ್ಮಲ ವಾಯುವಿನಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಬಿಡುಗಡೆಯಾದಾಗ ಸೋತ ಈ ಚಿತ್ರದ ಛಾಯಾಗ್ರಾಹಕರಿಗೆ 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತುದು ಅದೇ ಮೊದಲು.

ಈ ನ್ಯಾಯಕ್ಕೆ ಇನ್ನೊಂದು ಮುಖವೂ ಉಂಟು. ವಡೋದರದ ಕಲಾವಿದ ಜ್ಯೋತಿ ಭಟ್ಟರು 1967ರಿಂದ ಮೊದಲ್ಗೊಂಡು ಗುಜರಾತ್ ಮುಂತಾದ ಪ್ರಾಂತಗಳ ಗ್ರಾಮೀಣ ಭಿತ್ತಿಚಿತ್ರ, ರಂಗವಲ್ಲಿ, ಹಚ್ಚೆಗಳನ್ನು ಫಿಲ್ಮಿನಲ್ಲಿ ದಾಖಲಿಸಿದರು. ಅಳಿಯಲಿರುವ ರೇಖೆಯನ್ನು ಉಳಿಸುವ ಇಂಥ ಕಾರ್ಯದಲ್ಲಿ ಅಂಚು ಮಸುಕಾದರೆ ಅದು ದೋಷವೇ ಸರಿ. ಸುಳಿಯ ಸೊಬಗಿಗೆ ಅಲ್ಲಿ ಎಡೆಯಿಲ್ಲ. ಉದ್ದೇಶ ಬೇರೆಯಾದಂತೆ ತೀರ್ಪೂ ಬೇರೆ.

ಆದುದರಿಂದ ಡಿಜಿಟಲ್ ಚಿತ್ರದ ಮೇಲೆ ಗುಂಡಿಯೊತ್ತಿ ಕಣಗಳನ್ನು ಎರಚುವವನು, ಆ ಕಣಗಳಿಗೆ ಚಿತ್ರದಲ್ಲಿ ಕೆಲಸವಿಲ್ಲದಿದ್ದರೆ, ಮುಪ್ಪನ್ನು ಬಳಿದುಕೊಂಡ ವೇಷಧಾರಿ ಮಾತ್ರ. ಹಳೆಯ ಮಸೂರವನ್ನೇ ಕೊಂಡು ಅದರ ಕುಂದನ್ನು ಅರಿಯದವನೂ ಅವನಿಗಿಂತ ಮೇಲಲ್ಲ. ದೋಷವು ಮಸೂರದ್ದು, ಅದನ್ನು ಅದೋಷವಾಗಿಸುವ ಹೊಣೆ ಕಣ್ಣಿನದು.