ದಣಿವಿಗೊಂದು ಅಳತೆಗೋಲು

ಆಸ್ಪತ್ರೆ ಸಿಬ್ಬಂದಿಯ ಮಾನಸಿಕ ದಣಿವನ್ನು ಕುರಿತ ಸಂಶೋಧನೆಗಳಲ್ಲಿ ನಿಮಗೆ ಪದೇ ಪದೇ ಎದುರಾಗುವುದು ಮ್ಯಾಸ್ಲಾಕ್ ಮಾಪಕ. ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಇದರ ಈಗಿನ ರೂಪದಲ್ಲಿ 22 ಹೇಳಿಕೆಗಳಿವೆ. 'ಎಂದೂ ಇಲ್ಲ' ಎಂದರೆ 0, 'ಪ್ರತಿದಿನ' ಎಂದರೆ 6. ಭಾವನಾತ್ಮಕ ಬಳಲಿಕೆಯ 9 ಹೇಳಿಕೆಗಳ ಮೊತ್ತ 27 ಮುಟ್ಟಿದರೆ 'ತೀವ್ರ' ಎನ್ನುವುದು ವಾಡಿಕೆ.

ಭೌತವಿಜ್ಞಾನದವನಿಗೆ ಇಲ್ಲಿಯೇ ತಕರಾರು. ನೀರಿನ ಕುದಿಬಿಂದುವಿಗೆ ಕಾರಣವುಂಟು. 26 ಮತ್ತು 27ರ ನಡುವೆ ಏನು ಬದಲಾಗುತ್ತದೆ? ಈ ಗಡಿಗಳಿಗೆ ರೋಗನಿರ್ಣಯದ ಆಧಾರವಿಲ್ಲವೆಂದು ಕರ್ತೃಗಳೇ 2016ರ ಕೈಪಿಡಿಯಲ್ಲಿ ಅವನ್ನು ಕೈಬಿಟ್ಟರು. ವೈದ್ಯರ ದಣಿವಿನ ಬಗೆಗಿನ 182 ಅಧ್ಯಯನಗಳನ್ನು 2018ರಲ್ಲಿ ಪರಿಶೀಲಿಸಿದ ರೋಟೆನ್‌ಸ್ಟೈನ್ ತಂಡಕ್ಕೆ ಸಿಕ್ಕ ವ್ಯಾಖ್ಯೆಗಳು ಕನಿಷ್ಠ 142! ದಣಿದವರ ಪ್ರಮಾಣ ಸೊನ್ನೆಯಿಂದ ಶೇ. 80.5ರವರೆಗೆ. ಇಂಥ ಥರ್ಮಾಮೀಟರನ್ನು ನಿಮ್ಮ ಪ್ರಯೋಗಾಲಯಕ್ಕೆ ಕೊಳ್ಳುವಿರಾ? (ಒಂದೇ ಗುಂಪನ್ನು ಕಾಲಕಾಲಕ್ಕೆ ಹೋಲಿಸಲು ಅದು ಸಾಕಾದೀತು, ಒಪ್ಪೋಣ.)

ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದ ಆಶಾ ಕಾರ್ಯಕರ್ತೆಯೊಬ್ಬರ ಮುಂದೆ ಇದನ್ನು ಇಟ್ಟಿರೆಂದುಕೊಳ್ಳಿ. ನಮ್ಮ 'ಬೇಸರ' ಎಂಬ ಒಂದೇ ಮಾತು ಆಯಾಸಕ್ಕೂ ದುಃಖಕ್ಕೂ ಮುನಿಸಿಗೂ ಸಲ್ಲುತ್ತದೆ, ಅಂಕ ಯಾವುದಕ್ಕೆ? ಹೆರಿಗೆಗೆ ಜೊತೆ ಹೋಗಿ ಧೈರ್ಯ ಹೇಳುವವರು ಅವರೇ, ರೋಗಿಯ ಆಸರೆ ಅವರ ಸ್ಥೈರ್ಯವನ್ನೇ ನೆಚ್ಚಿದೆ. ಆದರೆ 2020ರ ಜುಲೈನಲ್ಲಿ ಮುಷ್ಕರ ಹೂಡಿದ ರಾಜ್ಯದ ಆಶಾಗಳು ಕೇಳಿದ್ದು ತಿಂಗಳಿಗೆ 12,000 ರೂಪಾಯಿ ನಿಗದಿತ ಗೌರವಧನ. ಆ 22 ಹೇಳಿಕೆಗಳಲ್ಲಿ ಸಂಬಳದ ಮಾತಿಲ್ಲ. ಅವು ಲಕ್ಷಣವನ್ನು ಕೇಳುತ್ತವೆ, ಕಾರಣವನ್ನಲ್ಲ.

ಎಷ್ಟು ಮನೆ, ಎಷ್ಟು ಕಿಲೋಮೀಟರ್ ನಡಿಗೆ, ಹಣ ಎಷ್ಟು ದಿನ ತಡ - ಇವಕ್ಕೆ ಏಕಮಾನಗಳಿವೆ. ಸಮೀಕ್ಷೆಗೆ ಹೊರಡುವ ವಿದ್ಯಾರ್ಥಿಗಳು ಮೊದಲು ಇವನ್ನು ಬರೆದುಕೊಳ್ಳಲಿ. ಮ್ಯಾಸ್ಲಾಕ್ ಅಂಕ ಪಕ್ಕದ ಕಾಲಂನಲ್ಲಿರಲಿ.