ನಾಲ್ಕು ಕೂವೆಮರ

ಒಂದು ಹಳೆಯ ಛಾಯಾಚಿತ್ರ: ನೀರಿನಿಂದ ನಾಲ್ಕು ಕೂವೆಮರಗಳೂ ಒಂದು ಹೊಗೆಕೊಳವೆಯೂ ಎದ್ದು ನಿಂತಿವೆ. ಹಡಗು ಕಾಣುವುದಿಲ್ಲ. ಅದನ್ನು ಸೀಳಿದ ಬಂಡೆಸಾಲೂ ಕಾಣುವುದಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಮ್ಯಾನಕಲ್ಸ್ ಬಂಡೆಗಳ ಗುಣವೇ ಅದು: ಉಬ್ಬರದಲ್ಲಿ ಹೆಚ್ಚಿನವು ನೀರಡಿಗೆ ಸರಿದು ಕುಳಿತುಬಿಡುತ್ತವೆ.

ಮುಳುಗಿದ್ದು 'ಮೊಹೀಗನ್' ಎಂಬ ಉಗಿಹಡಗು. ಅದೇ ವರ್ಷ ನೀರಿಗಿಳಿದ ಹೊಸ ಹಡಗು. ನ್ಯೂಯಾರ್ಕ್ ಕಡೆಗೆ ಎರಡನೆಯ ಪಯಣ. 1898ರ ಅಕ್ಟೋಬರ್ 14ರ ಸಂಜೆ ಪ್ರಯಾಣಿಕರು ಊಟಕ್ಕೆ ಕುಳಿತಿದ್ದರು. ಹಡಗು ಹಿಡಿದಿದ್ದ ದಿಕ್ಕೇ ತಪ್ಪಾಗಿತ್ತು; ಬಂಡೆಗೆ ಬಡಿದ ಹತ್ತು-ಹನ್ನೆರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ಸತ್ತವರು 106 ಮಂದಿ. ಚಿತ್ರದಲ್ಲಿರುವ ಆ ಹಗ್ಗ-ಮರಗಳಿಗೇ ಕತ್ತಲಲ್ಲಿ ಜೋತುಬಿದ್ದು ಕೆಲವರು ಬದುಕಿಕೊಂಡರು. ಅದು ಗೊತ್ತಾದ ಮೇಲೆ ಕಣ್ಣು ಹೊಗೆಕೊಳವೆಯನ್ನು ಬಿಟ್ಟು ಹಗ್ಗಗಳ ಮೇಲೇ ಹರಿದಾಡತೊಡಗುತ್ತದೆ.

ಚಿತ್ರ ಗಿಬ್ಸನ್ ಮನೆತನದ್ದು. ಸಿಲ್ಲಿ ದ್ವೀಪಗಳ ಜಾನ್ ಗಿಬ್ಸನ್ 1869ರಲ್ಲಿ ಒಡೆದ ಹಡಗುಗಳನ್ನು ಸೆರೆಹಿಡಿಯಲು ಶುರುಮಾಡಿದ. ಮಕ್ಕಳು, ಮೊಮ್ಮಕ್ಕಳು ಆ ಕಸುಬನ್ನು ಬಿಡಲಿಲ್ಲ. ಮೊದಮೊದಲು ಒದ್ದೆ ಗಾಜಿನ ಫಲಕದ ಕಾಲ. ಫಲಕ ಆರುವ ಮುನ್ನ ತೊಳೆದು ಮುಗಿಸಬೇಕು, ಹಾಗಾಗಿ ಕತ್ತಲೆಕೋಣೆಯ ಸರಂಜಾಮನ್ನು ಕೈಗಾಡಿಯಲ್ಲಿ ಕಡಲಂಚಿಗೆ ಎಳೆದೊಯ್ಯುತ್ತಿದ್ದರು. ಬಿರುಗಾಳಿಯ ನಡುವೆ ಆಗುವ ಕೆಲಸವಲ್ಲ ಅದು. ಗಿಬ್ಸನ್ನರ ಚಿತ್ರಗಳಲ್ಲಿ ದುರಂತಕ್ಕಿಂತ ಅದರ ಮಾರನೆಯ ದಿನಗಳೇ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಜನ ಮೆಚ್ಚುವುದು ಅವರ ಹಾಯಿಹಡಗುಗಳ ಚಿತ್ರಗಳನ್ನು. ಕಡಿಬಂಡೆಗೆ ಒರಗಿದ ಹಡಗು, ಹರಿದ ಹಾಯಿ, ಮೇಲೆ ನಿಂತು ನೋಡುವ ಊರವರು. ಗೋಡೆಗೆ ತೂಗುಹಾಕಲು ಅವು ಹೇಳಿಮಾಡಿಸಿದಂತಿವೆ. ನನಗೆ ಅವು ಸ್ವಲ್ಪ ಹೆಚ್ಚೇ ಚೆಲುವಾಗಿ ಕಾಣುತ್ತವೆ. ಸಾವು ಅಲ್ಲಿ ನೋಟದ ಅಲಂಕಾರವಾಗಿಬಿಡುತ್ತದೆ. 'ಮೊಹೀಗನ್' ಚಿತ್ರದಲ್ಲಿ ಆ ಸೊಬಗಿಲ್ಲ. ಏನಾಯಿತೆಂದು ನಾವೇ ನೀರಿಗಿಳಿದು ಹುಡುಕಬೇಕು.

ಹತ್ತಿರದ ಸೇಂಟ್ ಕೆವರ್ನ್ ಚರ್ಚಿನಂಗಳದಲ್ಲಿ ಈ ಹಡಗಿನಲ್ಲಿ ಸತ್ತವರ ಶವಪೆಟ್ಟಿಗೆಗಳನ್ನು ಸಾಲಾಗಿಟ್ಟ ಸಾಮೂಹಿಕ ಗುಂಡಿಯ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡುವವರಿದ್ದಾರೆ. ನಾನು ಇಡುವುದಿಲ್ಲ. ಅದು ಹೇಗೆ ಮರುಗಬೇಕೆಂದು ಮೊದಲೇ ತಿಳಿಸಿಬಿಡುತ್ತದೆ. ಗಿಬ್ಸನ್ ಮನೆತನದ ಸಾವಿರಕ್ಕೂ ಮಿಕ್ಕ ನೆಗೆಟಿವ್‌ಗಳನ್ನು ಗ್ರೀನಿಚ್ ಸಂಗ್ರಹಾಲಯ 2013ರಲ್ಲಿ ಹರಾಜಿನಲ್ಲಿ ಕೊಂಡಿತು. ಬೆಲೆ 1,22,500 ಪೌಂಡ್. ಅಗ್ಗಕ್ಕೇ ಸಿಕ್ಕಿತು ಎನ್ನುವ ಪಂಗಡ ನನ್ನದು.